ಫೋಟೋದಲ್ಲಿ ಮಾತ್ರ ವಾಲುವ ಲೈಟ್‌ಹೌಸ್

ಉಡುಪಿ ಜಿಲ್ಲೆಯ ಕಾಪುವಿನ ಲೈಟ್‌ಹೌಸ್ 1901ರಿಂದ ಬಂಡೆಯ ಮೇಲೆ ನೆಟ್ಟಗೆ ನಿಂತಿದೆ. ಫೋಟೋಗಳಲ್ಲಿ ಮಾತ್ರ ಹಿಂದಕ್ಕೆ ವಾಲಿರುತ್ತದೆ. ತಪ್ಪು ಗೋಪುರದ್ದಲ್ಲ, ಕತ್ತೆತ್ತಿದ ಕ್ಯಾಮೆರಾದ್ದು. ಬುಡದಲ್ಲೇ ನಿಂತು 27 ಮೀಟರ್ ಎತ್ತರವನ್ನು ಚೌಕಟ್ಟಿಗೆ ತುರುಕಲು ಹೋದರೆ ಎರಡೂ ಅಂಚುಗಳು ಮೇಲೇರುತ್ತ ಕೂಡಿಕೊಳ್ಳುತ್ತವೆ. ಮದ್ದು ಸುಲಭ: ಹಿಂದೆ ಸರಿಯುವುದು. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾಕ್ಕೆ ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿ, ನಿಲುವಾಗಿ ಹಿಡಿದು, ಸಮುದ್ರದ ಗೆರೆ ನಟ್ಟನಡುವೆ ಬರುವಂತೆ ಮಟ್ಟ ಮಾಡಿದರೆ, ಗೋಪುರ ಹಿಡಿಸುವುದಕ್ಕೇ 36 ಮೀಟರ್ ದೂರ ಬೇಕು. ಕೆಳಗೆ ಬಂಡೆಯೂ ಇದೆಯಲ್ಲ, ಅದರ ಪಾಲಿಗೆ ಇನ್ನಷ್ಟು ಹೆಜ್ಜೆ. ಚಿತ್ರದ ಕೆಳಗರ್ಧ ಬರೀ ಮರಳಾಗುತ್ತದೆ. ಆಗಲಿ, ಮನೆಗೆ ಬಂದು ಕತ್ತರಿಸಿದರಾಯಿತು.

ಜನ ಹೋಗುವುದು ಸಂಜೆ. ಸಮುದ್ರ ಪಶ್ಚಿಮಕ್ಕಿರುವುದರಿಂದ ಸೂರ್ಯ ಗೋಪುರದ ಬೆನ್ನಿಗೇ ಇಳಿಯುತ್ತಾನೆ. ಮೊಬೈಲಿನಲ್ಲಿ ಉಳಿಯುವುದು ಕೆಂಪು ಆಕಾಶ, ಮಸಿ ಬಳಿದ ಕಂಬ. ಹಗಲಲ್ಲಿ ಹಡಗಿನವರಿಗೆ ಗುರುತು ಸಿಗಲೆಂದು ಬಳಿದ ಕಪ್ಪು ಬಿಳುಪು ಪಟ್ಟೆಗಳನ್ನು ಹೀಗೆ ಅಳಿಸಿಹಾಕುವುದು ಅನ್ಯಾಯವೇ. ಪಟ್ಟೆ ಬೇಕೆಂದವರು ಬೆಳಿಗ್ಗೆ ಎಂಟರ ಸುಮಾರಿಗೆ ಹೋಗಿ, ಗೋಪುರದ ಉತ್ತರಕ್ಕೋ ದಕ್ಷಿಣಕ್ಕೋ ನಿಲ್ಲಬೇಕು. ಪಕ್ಕದಿಂದ ಬಿದ್ದ ಬಿಸಿಲು ಗೋಪುರದ ದುಂಡನ್ನು ತೋರಿಸುತ್ತದೆ. ಪೋಲರೈಜರ್ ಫಿಲ್ಟರ್ ಆಕಾಶವನ್ನು ಕಡುನೀಲಿ ಮಾಡುವುದೂ ಬಿಸಿಲು ಹೀಗೆ ಅಡ್ಡಲಾಗಿ ಬಂದಾಗಲೇ. ಕಪ್ಪು ಪಟ್ಟೆ ನೋಡಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗುತ್ತದೆ, ಬಿಳಿ ಪಟ್ಟೆ ಸುಟ್ಟುಹೋಗುತ್ತದೆ. ಒಂದೇ ಚುಕ್ಕೆಯ ಬೆಳಕನ್ನು ಅಳೆಯುವ ಸ್ಪಾಟ್ ಮೀಟರನ್ನು ಬಿಳಿಯ ಮೇಲೆ ಇಟ್ಟು ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟಾಗುವಂತೆ) ಹೆಚ್ಚಿಸಿದರೆ ಸಾಕು.

ಸಂಜೆಯೇ ಹೋಗುವುದಾದರೆ, ಸೂರ್ಯ ಮುಳುಗಿದ್ದೇ ತಡ ಜನರೊಂದಿಗೆ ಹೊರಡಬಾರದು. ಇನ್ನೂ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಆಕಾಶ ನೀಲಿಗೆ ತಿರುಗುತ್ತದೆ, ದೀಪವೂ ಹೊಳೆಯುತ್ತದೆ. ಪ್ರತಿ ದೀಪಸ್ತಂಭ ಮಿನುಗುವುದಕ್ಕೂ ಅದರದೇ ಲಯವಿದೆ. ಒಂದು ಸುತ್ತಿಗೆ ಎಷ್ಟು ಸೆಕೆಂಡೆಂದು ಗಡಿಯಾರ ನೋಡಿ ಎಣಿಸಿಕೊಂಡು ಶಟರನ್ನು ಅಷ್ಟೇ ಹೊತ್ತು ತೆರೆದಿಟ್ಟರೆ ಮಿನುಗು ತಪ್ಪಿಹೋಗುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ದೀಪದ ಕೋಣೆ ಬಿಳಿ ಮುದ್ದೆಯಾಗಿರುತ್ತದೆ. ಟ್ರೈಪಾಡ್ ಅಲುಗಿಸದೆ ಕೋಣೆಗೆಂದೇ ಒಂದು ಚಿಕ್ಕ ಎಕ್ಸ್‌ಪೋಶರ್ ತೆಗೆದು, ಆಮೇಲೆ ಎರಡನ್ನೂ ಕೂಡಿಸುವುದೇ ದಾರಿ.

ಅಲುಗಿಸದೆ ಎಂದೆವು, ಅದು ನಮ್ಮ ಕೈಯಲ್ಲಿಲ್ಲ. ಮರಳುವ ಅಲೆ ಟ್ರೈಪಾಡಿನ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ. ಕಾಲುಗಳನ್ನು ಅಗಲಿಸಿ, ಒತ್ತಿ ಹುಗಿದು, ನಡುವಿನ ಕಂಬ ಏರಿಸದೆ, ಅಲೆ ಮುಟ್ಟದ ಕಡೆ ನಿಲ್ಲಿಸುವುದು ಲೇಸು. ಪಾಚಿ ಹಿಡಿದ ಬಂಡೆಯಂತೂ ಬೇಡ, ಮಳೆಗಾಲದಲ್ಲಿ ಮೊದಲೇ ಬೇಡ.

ಉಪ್ಪಿನ ತುಂತುರು ಲೆನ್ಸಿನ ಮೇಲೆ ಕೂತಾಗ ಅಂಗಿಯ ತುದಿಗೆ ಕೈ ಹೋಗುವುದು ಸಹಜ. ಆದರೆ ಹಾಗೆ ಒರೆಸಿದರೆ ಮರಳಿನ ಕಣ ಗಾಜನ್ನು ಗೀರಿಬಿಡುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಸಿಹಿನೀರಿನಲ್ಲಿ ತುಸು ಒದ್ದೆಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಎಸಿ ಕಾರಿನಿಂದ ಇಳಿದ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಚೀಲದಲ್ಲೇ ಬಿಡಿ; ಕರಾವಳಿಯ ತೇವ ತಣ್ಣನೆಯ ಗಾಜು ಕಂಡೊಡನೆ ಮಂಜಾಗಿ ಅಂಟುತ್ತದೆ. ಟ್ರೈಪಾಡಿನ ಕಾಲುಗಳನ್ನು ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆದಿಡಿ. ಇಲ್ಲವಾದರೆ ಮುಂದಿನ ಸಲ ಅವು ಬಿಚ್ಚಿಕೊಳ್ಳುವುದಿಲ್ಲ.