ಹೊಗೆ, ಇಲಿ, ಹೊರಕಡೆ ಇತ್ಯಾದಿ

ಬೆಟ್ಟದ ಮೇಲೆ, ಕಾಡಿನ ನಡುವೆ, ಕರೆಂಟು, ನಲ್ಲಿ, ನೆಟ್‌ವರ್ಕ್ ಮೂರೂ ಇಲ್ಲದ ಮರದ ಮನೆಯಲ್ಲಿ ಎರಡು ರಾತ್ರಿ ಇದ್ದು ಬರೋಣ ಎಂದು ಹೊರಡುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಪ್ರಾಣಿಗೀಣಿ ಬರುತ್ತವಾ?" ಬರುತ್ತವೆ. ತಿನ್ನುವುದನ್ನೂ ಟೂತ್‌ಪೇಸ್ಟನ್ನೂ ಹೊರಗೆ ಬಿಟ್ಟಿರದಿದ್ದರೆ ಸಾಮಾನ್ಯವಾಗಿ ಮೂಸಿ ನೋಡಿ ತಮ್ಮ ಪಾಡಿಗೆ ಹೋಗುತ್ತವೆ. ಅವಕ್ಕೂ ಕೆಲಸವಿರುತ್ತದೆ. ಬಂದವರನ್ನು ನಿಜವಾಗಿ ಗೋಳು ಹೊಯ್ದುಕೊಳ್ಳುವುದು ಒಲೆಯ ಹೊಗೆ, ಗೋಡೆಯೊಳಗಿನ ಇಲಿ ಮತ್ತು ಮನೆಯಿಂದ ದೂರದಲ್ಲಿರುವ ಕಕ್ಕಸು. ಈ ಮೂರರ ಬಗ್ಗೆ ಹೊರಡುವ ಮುಂಚೆ ಯಾರೂ ಒಂದು ಮಾತು ಕೇಳುವುದಿಲ್ಲ.

ಅವಾಂತರ ಶುರುವಾಗುವುದು ಮನೆ ತಲುಪುವ ಮೊದಲೇ, "ಇಲ್ಲಿಂದ ಬರೀ ಐದು ಕಿಲೋಮೀಟರ್" ಎಂಬ ಮಾತಿನಿಂದ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದಾರೆ. ಮೊಬೈಲ್ ನಕ್ಷೆಯಲ್ಲಿ ಅದು ಚಪ್ಪಟೆಯಾಗಿಯೇ ಬಿಡುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ: ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಐದು ಕಿಲೋಮೀಟರ್ ದೂರ, 900 ಮೀಟರ್ ಏರು ಎಂದರೆ ಎರಡೂವರೆ ಗಂಟೆ. ಅದೂ ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ. ಫೋಟೊ, ಬಿಸ್ಕತ್ತು, ಬೂಟಿನೊಳಗಿನ ಕಲ್ಲು, "ಒಂದ್ನಿಮಿಷ ಕೂತ್ಕೊಳೋಣ" ಎಲ್ಲ ಸೇರಿದರೆ ನಾಲ್ಕು ಗಂಟೆ ಆರಾಮಾಗಿ ಆಗುತ್ತದೆ. ಕತ್ತಲಿಗೆ ಎರಡು ಗಂಟೆ ಮುಂಚೆ ತಲುಪದಿದ್ದರೆ ಕಷ್ಟ. ಬೆಂಕಿಪೊಟ್ಟಣ ಎಲ್ಲಿದೆ ಎಂದು ಹುಡುಕಲೂ ಬೆಳಕು ಬೇಕಲ್ಲ.

ಹಿಮ ಬೀಳುವ ಎತ್ತರವಾದರೆ ಬಾಗಿಲ ಬೀಗದೊಳಗೆ ನೀರು ಗಡ್ಡೆಕಟ್ಟಿರುತ್ತದೆ. ಫ್ಲಾಸ್ಕಿನ ಬಿಸಿನೀರು ಹೊಯ್ದರೆ ತಟ್ಟನೆ ಬಿಟ್ಟುಕೊಳ್ಳುತ್ತದೆ. ಆದರೆ ಆ ನೀರೇ ಸ್ವಲ್ಪ ಹೊತ್ತಿಗೆ ಒಳಗೆ ಹೆಪ್ಪುಗಟ್ಟಿ ಮುಂದಿನ ಸಲ ಇನ್ನಷ್ಟು ಹಟ ಮಾಡುತ್ತದೆ. ಕೀಲಿಯನ್ನು ಲೈಟರಿನಲ್ಲಿ ಬಿಸಿ ಮಾಡಿ ತೂರಿಸುವುದೇ ಸರಿ. ಇಂಥ ಮನೆಯ ಬಾಗಿಲು ಒಳಕ್ಕೆ ತೆರೆಯುವುದಕ್ಕೂ ಕಾರಣವಿದೆ: ರಾತ್ರಿ ಹೊಸ್ತಿಲಲ್ಲಿ ಸೊಂಟದೆತ್ತರ ಹಿಮ ಬಿದ್ದರೆ ಹೊರಕ್ಕೆ ತಳ್ಳಲಾಗದು. ಹಾಗಾಗಿ ಸಲಿಕೆಯೂ ಒಳಗೇ ಇರಬೇಕು. ಅದನ್ನು ಹೊರಗೋಡೆಗೆ ಒರಗಿಸಿಟ್ಟು ಮಲಗಿದವರು ಬೆಳಿಗ್ಗೆ ಪಾತ್ರೆಯ ಮುಚ್ಚಳದಲ್ಲಿ ಹಿಮ ಗೋರುತ್ತಾ ಸಲಿಕೆಯನ್ನು ಹುಡುಕುತ್ತಿರುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಮನೆಗೆಲಸದಲ್ಲಿ ಪಳಗಿದವರ ಕೈ ಪೊರಕೆಗೆ ಹೋಗುತ್ತದೆ. ತಡೆಯಿರಿ. ತಿಂಗಳುಗಟ್ಟಲೆ ಮುಚ್ಚಿದ್ದ ಮನೆಯಲ್ಲಿ ಇಲಿ ಹಿಕ್ಕೆ ಇದ್ದೇ ಇರುತ್ತದೆ. ಒಣಗಿದ್ದನ್ನು ಗುಡಿಸಿದರೆ ಧೂಳೆದ್ದು ಉಸಿರಿಗೆ ಹೋಗುತ್ತದೆ. ಹಾಂಟಾವೈರಸ್ ತಗಲುವುದು ಹೀಗೆ. ಕಿಟಕಿ ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಹೊರಗೆ ಕೂತುಬಿಡಿ. ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಕೈಗವಸು ಹಾಕಿಕೊಂಡು ಕಾಗದದಲ್ಲಿ ಒರೆಸಿ ತೆಗೆಯಿರಿ. ಪೊರಕೆ ಮುಟ್ಟದ ಸೋಮಾರಿಯೇ ಜಾಣ ಎನಿಸಿಕೊಳ್ಳುವ ಸಂದರ್ಭ ಜೀವನದಲ್ಲಿ ಅಪರೂಪ, ಬಿಡಬೇಡಿ.

ಈಗ ಒಲೆ. ಈ ಮನೆಯ ಯಜಮಾನಿಕೆ ಅದರದೇ. ಎರಕದ ಕಬ್ಬಿಣದ ಪೆಟ್ಟಿಗೆ, ಮುಂದೊಂದು ಬಾಗಿಲು, ಅದರ ಕೆಳಗೆ ಗಾಳಿಕಿಂಡಿ, ಮೇಲೆ ಚಾವಣಿ ತೂರಿ ಹೋಗುವ ತಗಡಿನ ಕೊಳವೆ. ಕೊಳವೆಯೊಳಗೆ ತಿರುಗುವ ಒಂದು ದುಂಡನೆ ಬಿಲ್ಲೆ ಇರುತ್ತದೆ, ಅದೇ ಡ್ಯಾಂಪರ್. ಹೊರಗೆ ಕಾಣುವ ಅದರ ಹಿಡಿಕೆ ಕೊಳವೆಯ ಉದ್ದಕ್ಕಿದ್ದರೆ ಸಾಮಾನ್ಯವಾಗಿ ತೆರೆದಿದೆ ಎಂದರ್ಥ, ಅಡ್ಡಕ್ಕಿದ್ದರೆ ಮುಚ್ಚಿದೆ. ಇಷ್ಟೇ ವಿದ್ಯೆ. ಹಿಂದೆ ಇದ್ದು ಹೋದವರು ಮುಚ್ಚಿ ಹೋಗಿರುತ್ತಾರೆ. ಹೊಸಬರು ಸೀದಾ ಬೆಂಕಿ ಹಚ್ಚುತ್ತಾರೆ. ಮನೆ ತುಂಬ ಹೊಗೆ ಕವಿದು, ಒಬ್ಬರ ಮುಖ ಒಬ್ಬರಿಗೆ ಕಾಣದಂತಾಗಿ, ಎಲ್ಲರೂ ಕೆಮ್ಮುತ್ತಾ ಗೋಡೆ ತಡವುವಾಗ ಯಾರದೋ ಕೈಗೆ ಆ ಹಿಡಿಕೆ ಸಿಗುತ್ತದೆ. ಅದು ಅಷ್ಟು ಹೊತ್ತಿಗೆ ಬಿಸಿಯಾಗಿಯೂ ಇರುತ್ತದೆ.

ಡ್ಯಾಂಪರ್ ತೆರೆದಿದ್ದರೂ ಹೊಗೆ ತಿರುಗಿ ಬರಬಹುದು. ವಾರಗಟ್ಟಲೆ ಉರಿ ಕಾಣದ ಕೊಳವೆಯಲ್ಲಿ ತಣ್ಣನೆ ಗಾಳಿ ಬಿರಡೆ ಹಾಕಿದಂತೆ ಕೂತಿರುತ್ತದೆ. ತಣ್ಣನೆ ಗಾಳಿ ಭಾರ. ಈಗಷ್ಟೇ ಹುಟ್ಟಿದ ಹೊಗೆಗೆ ಅದನ್ನು ಎತ್ತುವ ತ್ರಾಣವಿಲ್ಲ. ಒಂದೆರಡು ಹಾಳೆ ಹಳೇ ಪೇಪರ್ ಸುರುಳಿ ಸುತ್ತಿ ಹಚ್ಚಿ, ಒಲೆಯೊಳಗೆ ಕೊಳವೆಯ ಬಾಯಿಗೆ ಹಿಡಿಯಿರಿ. ಮೊದಲು ಜ್ವಾಲೆ ನಿಮ್ಮ ಕಡೆಗೇ ಬಾಗುತ್ತದೆ. ಒಂದೆರಡು ನಿಮಿಷಕ್ಕೆ ಯಾರೋ ಮೇಲಿಂದ ಎಳೆದ ಹಾಗೆ ಮೇಲೆದ್ದು, ಕೊಳವೆಯಲ್ಲಿ ಗುರ್ ಎಂಬ ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳುವವರೆಗೆ ಸೌದೆಗೆ ಕಡ್ಡಿ ಗೀರಬಾರದು.

ಸೌದೆ ಯಾವುದು? ಅಂಗಳದಲ್ಲಿ ಬಿದ್ದದ್ದಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿ ಪಾಪ ಆ ನೀರು ಕುದಿಸುವುದರಲ್ಲೇ ಸುಸ್ತಾಗುತ್ತದೆ. ಸೌದೆಯಲ್ಲಿ ತೇವ ಶೇ 20ಕ್ಕಿಂತ ಕಡಿಮೆ ಇರಬೇಕು. ಅಳೆಯಲು ಯಂತ್ರ ಬೇಡ, ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಒಣಗಿದ್ದರ ಕಡಿದ ತುದಿಯಲ್ಲಿ ಸೂರ್ಯನ ಕಿರಣದ ಹಾಗೆ ಬಿರುಕು ಹರಡಿರುತ್ತದೆ. ಉರಿಯುವಾಗ ತುದಿಯಿಂದ ಬುಸುಬುಸು ನೊರೆ ಬಂದರೆ ನೀವು ಮೋಸ ಹೋಗಿದ್ದೀರಿ. ಪುರಳೆ ಸೀಳುವಾಗ ತುಂಡನ್ನು ಕೈಯಲ್ಲಿ ಹಿಡಿದು ಕೊಡಲಿ ಎತ್ತುವ ಧೀರರಿದ್ದಾರೆ. ಇನ್ನೊಂದು ಕೋಲಿನಿಂದ ಆನಿಸಿ ಹಿಡಿದರೆ ಬೆರಳು ಹತ್ತೂ ಮನೆಗೆ ವಾಪಸಾಗುತ್ತವೆ.

ಜೋಡಿಸುವ ಕ್ರಮ ಕೇಳಿದರೆ ಹಳಬರು ಮುಖ ಸಿಂಡರಿಸುತ್ತಾರೆ, ಆದರೂ ಹೇಳಬೇಕು. ತಳದಲ್ಲಿ ಎರಡು ಮೂರು ದಪ್ಪ ಸೌದೆ, ಮೇಲೆ ಅಡ್ಡಡ್ಡ ಹೆಬ್ಬೆರಳು ದಪ್ಪದ ಐದಾರು ಸೀಳು, ಅದರ ಮೇಲೆ ಪೆನ್ಸಿಲ್ ದಪ್ಪದ ಪುರಳೆ ಒಂದು ದೊಡ್ಡ ಹಿಡಿ, ನೆತ್ತಿಯಲ್ಲಿ ಪೆಟ್ರೋಲಿಯಂ ಜೆಲ್ಲಿ ಮೆತ್ತಿದ ಹತ್ತಿಯುಂಡೆ. ಹಚ್ಚುವುದು ನೆತ್ತಿಗೆ. ಉರಿ ತಾನೇ ಕೆಳಗಿಳಿಯುತ್ತದೆ, ಕೊಳವೆ ಬೇಗ ಕಾಯುತ್ತದೆ, ಹೊಗೆ ಕಡಿಮೆ. ಗಾಳಿಕಿಂಡಿ ಪೂರ್ತಿ ತೆರೆದಿರಲಿ, ಬಾಗಿಲು ಮೊದಲ ಕೆಲವು ನಿಮಿಷ ಬೆರಳು ಸಂದಿನಷ್ಟು ತೆರೆದಿರಲಿ. ಪ್ರತಿಯೊಂದು ಗುಂಪಿನಲ್ಲೂ ಒಬ್ಬರು ಊದುವವರಿರುತ್ತಾರೆ. ಅವರನ್ನು ನೀರು ತರಲು ಕಳಿಸಿಬಿಡುವುದು ಕ್ಷೇಮ. ಮುಂದೆ ಸೌದೆ ಹಾಕುವಾಗಲೂ ಒಲೆಯ ಬಾಗಿಲನ್ನು ಫ್ರಿಜ್ ಬಾಗಿಲಿನ ಹಾಗೆ ಧಡಕ್ಕನೆ ಎಳೆಯಬಾರದು. ಎರಡು ಸೆಂಟಿಮೀಟರ್ ಸರಿಸಿ, ಹತ್ತು ಎಣಿಸಿ, ಆಮೇಲೆ ತೆರೆದರೆ ಹೊಗೆ ಮೇಲಿನ ದಾರಿ ಹಿಡಿಯುತ್ತದೆ, ನಿಮ್ಮ ಮೂಗಿನದ್ದಲ್ಲ.

ಬೆಂಕಿ ಹತ್ತಿತು, ಇನ್ನು ಅಡುಗೆ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಸದ್ದು ಅದೇ, ಆವಿ ಅದೇ, ಕಾಳು ಮಾತ್ರ ಗಂಟೆಗಟ್ಟಲೆ ಕಲ್ಲು. ಪ್ರೆಶರ್ ಕುಕ್ಕರ್ ಹೊತ್ತು ತಂದವರನ್ನು ದಾರಿಯುದ್ದಕ್ಕೂ ನಕ್ಕವರು ಈಗ ತಟ್ಟೆ ಹಿಡಿದು ಅವರ ಸುತ್ತ ಕೂರುತ್ತಾರೆ. ಸಣ್ಣ ಗ್ಯಾಸ್ ಒಲೆಗೆ ಬ್ಯೂಟೇನ್ ಡಬ್ಬಿ ತಂದಿದ್ದರೆ ಇನ್ನೊಂದು ತಮಾಷೆ: ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಬ್ಯೂಟೇನ್ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಡಬ್ಬಿ ಅಲ್ಲಾಡಿಸಿದರೆ ಗುಳುಗುಳು ಎನ್ನುತ್ತದೆ, ಉರಿ ಮಾತ್ರ ಇಲ್ಲ. ಪ್ರೊಪೇನ್ ಬೆರೆತ ಡಬ್ಬಿ ತರಬೇಕು. ಹಿಮ ಕರಗಿಸುವಾಗ ತಳಕ್ಕೆ ಎರಡು ಲೋಟ ನೀರು ಹಾಕಿ ಶುರುಮಾಡಬೇಕು, ಇಲ್ಲದಿದ್ದರೆ ಪಾತ್ರೆಯ ತಳ ಹೊತ್ತಿ, ನೀರಿಗೇ ಸೀದ ರುಚಿ ಬರುತ್ತದೆ. ಹೊಸ ಹಿಮ ಬಕೆಟ್ಟುಗಟ್ಟಲೆ ತುಂಬಿದರೂ ಸಿಗುವುದು ಅದರ ಹತ್ತರಲ್ಲೊಂದು ಪಾಲು ನೀರು. ತೊರೆಯ ನೀರನ್ನು ಒಂದು ನಿಮಿಷ ಮರಳಿಸಿ, 2,000 ಮೀಟರ್ ಮೇಲಾದರೆ ಮೂರು ನಿಮಿಷ. "ಮಿನರಲ್ ವಾಟರ್‌ಗಿಂತ ಶುದ್ಧ" ಎಂದು ಬೊಗಸೆಯಲ್ಲಿ ಕುಡಿದವರಿಗೆ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಹತ್ತಿದರೆ, ಹೊಟ್ಟೆ ಕೆಡುವುದು ಒಂದೆರಡು ವಾರದ ಮೇಲೆ. ಅಷ್ಟರಲ್ಲಿ ಬೈಗುಳವೆಲ್ಲ ಆಫೀಸಿನ ಕ್ಯಾಂಟೀನಿಗೆ ಹೋಗುತ್ತದೆ.

ಮಲಗುವ ಹೊತ್ತಿಗೆ ಅಟ್ಟದ ಮಂಚದವರು ಬನಿಯನ್ನಿನಲ್ಲಿ ಬೆವರುತ್ತಿರುತ್ತಾರೆ, ಕೆಳಗಿನವರು ಟೋಪಿ ಹಾಕಿ ನಡುಗುತ್ತಿರುತ್ತಾರೆ. ಬಿಸಿಗಾಳಿ ಮೇಲೆ ಹೋಗುತ್ತದೆಂದು ಶಾಲೆಯಲ್ಲಿ ಇಬ್ಬರೂ ಓದಿದ್ದಾರೆ, ಆದರೂ ಜಗಳ ತಪ್ಪದು. ಇನ್ನು ಚಳಿಗೆ ಟಾರ್ಚಿನ ಬ್ಯಾಟರಿ ಸೊರಗುತ್ತದೆ, ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಡಬೇಕು. ಫೋನೂ ಹಾಗೇ. ನೀರಿನ ಫಿಲ್ಟರ್ ಒಂದು ಸಲ ಹೆಪ್ಪುಗಟ್ಟಿದರೆ ಒಳಗಿನ ಎಳೆ ಬಿರಿದು ಕೆಲಸಕ್ಕೆ ಬಾರದು, ಅದೂ ಒಳಗೆ. ಬೆಳಿಗ್ಗೆ ಹಾಕುವ ಕಾಲುಚೀಲ, ಬಿಸಿನೀರಿನ ಬಾಟಲಿ ಎಲ್ಲ ಒಳಗೆ. ಜಾಗ ಉಳಿದರೆ ಮನುಷ್ಯ.

ರಾತ್ರಿ ಮೂರಕ್ಕೆ ಬೆಂಕಿ ಆರುತ್ತದೆ. ಏಳುವವರು ಯಾರು ಎಂಬ ಮೌನ ಸ್ಪರ್ಧೆ ತಪ್ಪಿಸಲು ಮಲಗುವಾಗಲೇ ಒಲೆ ತುಂಬ ಸೌದೆ ತುರುಕಿ, ಗಾಳಿಕಿಂಡಿ ಡ್ಯಾಂಪರ್ ಎರಡೂ ಮುಚ್ಚುವುದು ಎಲ್ಲರಿಗೂ ಹೊಳೆಯುವ ಉಪಾಯ. ಬೇಡ. ಗಾಳಿ ಇಲ್ಲದೆ ಕನಲುವ ಸೌದೆ ಕೊಳವೆಯೊಳಗೆ ಟಾರಿನಂಥ ಜಿಗುಟು ಮಸಿ ಬಳಿಯುತ್ತದೆ, ಮುಂದೊಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಇದರಲ್ಲಿ ತಮಾಷೆ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು, ವಾಕರಿಕೆಯಿಂದ ಶುರು. 2,500 ಮೀಟರ್ ಮೇಲೆ ಎತ್ತರದ ಕಾಯಿಲೆಗೂ ಇವೇ ಲಕ್ಷಣ, ಅದಕ್ಕೇ ಜನ ಮಾತ್ರೆ ನುಂಗಿ ಅಲ್ಲೇ ಮಲಗಿಬಿಡುತ್ತಾರೆ. ಒಳಗಿದ್ದವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಬಂದರೆ ಕಡಿಮೆಯಾದರೆ, ಅದು ಒಲೆಯದೇ ಕೆಲಸ ಎಂದುಕೊಂಡು ಎಲ್ಲರನ್ನೂ ಹೊರಗೆ ಕರೆತನ್ನಿ. ಅನುಮಾನವಿದ್ದಾಗಲೂ ಮೊದಲು ಹೊರಗೆ, ಆಮೇಲೆ ಚರ್ಚೆ. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಬ್ಯಾಟರಿಯ ಅಲಾರಂ ಒಂದು ಅಂಗೈಯಗಲ, ತನ್ನಿ. ಕಿಟಕಿ ಒಂದು ಬೆರಳು ತೆರೆದಿರಲಿ. ಕೆಂಡದ ಬಾಣಲೆ, ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವ ಮಾತೇ ಬೇಡ.

ಬೆಂಕಿ ತಣ್ಣಗಾಗುತ್ತಿದ್ದಂತೆ ಮರದ ದಿಮ್ಮಿಗಳು ಕುಗ್ಗಿ ಟಪ್ ಟಪ್ ಎನ್ನುತ್ತವೆ. ಆಮೇಲೆ ಪರಪರ. ಕರಡಿ ಬಾಗಿಲು ಕೆರೆಯುತ್ತಿದೆ ಎಂದು ನಾಲ್ಕು ಜನ ಎದ್ದು ಕೂರುತ್ತಾರೆ. ಅದು ಬಿಸ್ಕತ್ತಿನ ಪ್ಯಾಕೆಟ್ಟಿನೊಳಗಿನ ಇಲಿ. ಮಧ್ಯರಾತ್ರಿಯಲ್ಲಿ ಹುಲಿಗೂ ಇಲಿಗೂ ವ್ಯತ್ಯಾಸ ಒಂದೇ ಅಕ್ಷರ. ಆರು ಮಿಲಿಮೀಟರ್ ಸಂದು ಸಾಕು ಅದಕ್ಕೆ, ಅಂದರೆ ಪೆನ್ಸಿಲ್ ತೂರುವಷ್ಟು. ಸಂದುಗಳಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ. ಬಟ್ಟೆ ತುರುಕಿದರೆ ಅದನ್ನೇ ಹಾಸಿಗೆ ಮಾಡಿಕೊಳ್ಳುತ್ತದೆ. ತಿಂಡಿಚೀಲವನ್ನು ತೊಲೆಗೆ ಹಗ್ಗದಲ್ಲಿ ನೇತುಹಾಕಿದರೆ ಹಗ್ಗ ಹಿಡಿದೇ ಇಳಿಯುತ್ತದೆ. ಖಾಲಿ ಡಬ್ಬಿಯ ತಳಕ್ಕೆ ತೂತು ಕೊರೆದು, ಬಾಯಿ ಕೆಳಗಿರುವಂತೆ ಹಗ್ಗದ ನಡುವೆ ಪೋಣಿಸಿ, ಜಾರದಂತೆ ಕೆಳಗೊಂದು ಗಂಟು ಹಾಕಿ. ಇಳಿದು ಬಂದ ಇಲಿ ನುಣುಪು ತಗಡಿನ ಮೇಲೆ ಕಾಲಿಟ್ಟು, ಜಾರಿ, ದೊಪ್ಪನೆ ಬೀಳುತ್ತದೆ. ಮತ್ತೆ ಹತ್ತುತ್ತದೆ. ಅದರ ಛಲ ಮೆಚ್ಚುತ್ತಾ ಉಳಿದ ರಾತ್ರಿ ಕಳೆಯಬಹುದು.

ಅಥವಾ ಹೊರಕಡೆ ಹೋಗಬಹುದು. ಚಳಿಯೂ ಎತ್ತರವೂ ಮೂತ್ರ ಹೆಚ್ಚಿಸುತ್ತವೆ, ಆದ್ದರಿಂದ ಹೋಗಲೇಬೇಕು. ಹಿಮದೂರುಗಳಲ್ಲಿ ಕಕ್ಕಸಿನ ಆಸನವನ್ನು ದಪ್ಪ ಥರ್ಮೋಕೋಲ್ ಹಲಗೆಯಲ್ಲಿ ಕತ್ತರಿಸಿ ಮಾಡುತ್ತಾರೆ. ಅದು ಮೈಬಿಸಿಯನ್ನು ಹೀರುವುದಿಲ್ಲವಾಗಿ ಕೂತಾಗ ಬೆಚ್ಚಗೇ ಅನಿಸುತ್ತದೆ. ಕೆಲವರು ಆಸನವನ್ನು ಒಲೆಯ ಪಕ್ಕ ಮೊಳೆಗೆ ನೇತುಹಾಕಿ, ಹೋಗುವಾಗ ಕೊರಳಿಗೆ ಹಾರದಂತೆ ಹಾಕಿಕೊಂಡು ಹೋಗುತ್ತಾರೆ. ಮರ್ಯಾದೆ ಪ್ರಶ್ನೆ ಏಳುವುದು ಹಗಲಲ್ಲಿ ಮಾತ್ರ. ಕೆಲಸವಾದ ಮೇಲೆ ಒಂದು ಹಿಡಿ ಬೂದಿ, ಅದೂ ತಣ್ಣಗಾದದ್ದು. ಬೂದಿಯೊಳಗಿನ ಕೆಂಡ ಮೂರು ದಿನವಾದರೂ ಜೀವ ಹಿಡಿದಿರಬಲ್ಲದು; ಬಿಸಿ ಬೂದಿಯಿಂದ ಕಕ್ಕಸು ಹೊತ್ತಿ ಉರಿದರೆ ಯಾರಿಗೂ ವಿವರಿಸುವುದು ಸುಲಭವಲ್ಲ. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಮರದ ಜಗುಲಿಯಿಂದ ದೂರ, ನೆಲದ ಮೇಲಿಡಬೇಕು. ಟಾರ್ಚು ತಲೆಗೆ ಕಟ್ಟಿರಲಿ. ಕೈಯಲ್ಲಿದ್ದದ್ದು ಗುಂಡಿಗೆ ಬಿದ್ದರೆ ಬ್ಯಾಟರಿ ಮುಗಿಯುವ ತನಕ ಅಲ್ಲಿಂದಲೇ ಬೆಳಗುತ್ತಿರುತ್ತದೆ. ತರಲು ಯಾರೂ ಇಳಿಯುವುದಿಲ್ಲ.

ಹೊರಡುವ ದಿನ ಎಲ್ಲರೂ ಅಲ್ಲಿನ ಪುಸ್ತಕದಲ್ಲಿ "ಅದ್ಭುತ ಸೂರ್ಯೋದಯ, ಮನಸ್ಸಿಗೆ ನೆಮ್ಮದಿ" ಎಂದು ಬರೆದು ಸಹಿ ಹಾಕುತ್ತಾರೆ. "ಡ್ಯಾಂಪರ್ ಹಿಡಿಕೆ ಇಲ್ಲಿ ಉಲ್ಟಾ" ಎಂದು ಒಬ್ಬರೂ ಬರೆಯುವುದಿಲ್ಲ. ಮುಂದಿನವರಿಗೆ ಒಣಸೌದೆ, ಒಂದು ಹಿಡಿ ಪುರಳೆ, ಬೆಂಕಿಪೊಟ್ಟಣ ಒಲೆಯ ಪಕ್ಕ ಇಡಿ. ನೀರಿನ ಪಾತ್ರೆ ಬರಿದು ಮಾಡಿ, ಏಕೆಂದರೆ ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗಿ ಪಾತ್ರೆ ಸೀಳುತ್ತದೆ. ಕಿಟಕಿ ಹಾಕಿ, ಬೀಗ ಹಾಕಿ, ಚೀಲ ಹೊತ್ತು, 60 ಮೀಟರ್ ಇಳಿದ ಮೇಲೆ ಯಾರಾದರೊಬ್ಬರು ನಿಂತು ಕೇಳುತ್ತಾರೆ: "ಒಲೆ ಪೂರ್ತಿ ಆರಿತ್ತು ತಾನೇ?"

ನೈಸ್ಮಿತ್ ಲೆಕ್ಕದಲ್ಲಿ 60 ಮೀಟರ್ ಏರಿಗೆ ಆರು ನಿಮಿಷ.