ಪುಕ್ಕಟೆ ಆ್ಯಪ್‌ಗಳ ಪಾರಾಯಣ

ಪಾಠ ಮಾಡುವುದೇ ಶಿಕ್ಷಕರ ಕೆಲಸವೆಂದು ಇನ್ನೂ ನಂಬಿಕೊಂಡಿರುವವರು ಕಾಲಕ್ಕಿಂತ ಬಹಳ ಹಿಂದುಳಿದಿದ್ದಾರೆ. ಪಾಠಕ್ಕೆ ಬೇಕಾದ ಉಚಿತ ತಂತ್ರಾಂಶವನ್ನು ಹುಡುಕುವುದು, ಅದರಲ್ಲಿ ಖಾತೆ ತೆರೆಯುವುದು, ತಾನು ಯಂತ್ರವಲ್ಲ ಮನುಷ್ಯನೇ ಎಂದು ಟ್ರಾಫಿಕ್ ಸಿಗ್ನಲ್‌ಗಳ ಚಿತ್ರ ಗುರುತಿಸಿ ಸಾಬೀತುಪಡಿಸುವುದು, ಮರೆತ ಪಾಸ್‌ವರ್ಡ್ ಬದಲಿಸುವುದು, ಅಷ್ಟರಲ್ಲಿ ಆ ತಂತ್ರಾಂಶವೇ ಮುಚ್ಚಿಹೋದರೆ ಇನ್ನೊಂದನ್ನು ಹುಡುಕಲು ಹೊರಡುವುದು ಈಗಿನ ಮುಖ್ಯ ಕಸುಬು. ನಡುವೆ ಬಿಡುವು ಸಿಕ್ಕರೆ ಪಾಠವನ್ನೂ ಮಾಡಬಹುದು; ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ.

ಈ ಕಸುಬಿನ ಮೂಲಗ್ರಂಥವೆಂದರೆ ಪಟ್ಟಿ. ಶಿಕ್ಷಕರಿಗೆ ತಿಳಿದಿರಲೇಬೇಕಾದ ನೂರು ಉಚಿತ ಆ್ಯಪ್‌ಗಳ ಪಟ್ಟಿಯೊಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ, ಹತ್ತಾರು ಮಂದಿ ಕೈಮುಗಿಯುವ ಚಿಹ್ನೆ ಹಾಕುತ್ತಾರೆ, ಪಟ್ಟಿ ಮುಂದಿನ ಗುಂಪಿಗೆ ಪ್ರಯಾಣ ಬೆಳೆಸುತ್ತದೆ. ಪಟ್ಟಿ ಮಾಡಿದ ಮಹನೀಯರು ಆ ನೂರನ್ನೂ ಬಳಸಿ ನೋಡಿದ್ದರೆ ತರಗತಿಗೆ ಕಾಲಿಡಲು ಅವರಿಗೆ ಪುರುಸೊತ್ತು ಸಿಕ್ಕಿದ್ದು ಯಾವಾಗ ಎಂದು ಕೇಳುವುದು ಸೌಜನ್ಯವಲ್ಲ. ಪಟ್ಟಿಯಲ್ಲಿ ಬದುಕಿರುವವರ ಪಕ್ಕದಲ್ಲೇ ದಿವಂಗತರೂ ಕುಳಿತಿರುತ್ತಾರೆ ಎಂಬುದನ್ನು ಮಾತ್ರ ಗಮನಿಸಬೇಕು. ಶಿಕ್ಷಕರೂ ಮಕ್ಕಳೂ ಪಾಠ, ಮನೆಗೆಲಸ ಹಂಚಿಕೊಳ್ಳುತ್ತಿದ್ದ ಜಾಲತಾಣ ಎಡ್ಮೋಡೊ 2022ರ ಸೆಪ್ಟೆಂಬರ್‌ನಲ್ಲೇ ಬಾಗಿಲು ಹಾಕಿತು. ಮಕ್ಕಳು ಪುಟ್ಟ ವಿಡಿಯೊಗಳಲ್ಲಿ ಉತ್ತರ ಕೊಡುತ್ತಿದ್ದ ಫ್ಲಿಪ್‌ಗ್ರಿಡ್ ಅನ್ನು 2018ರಲ್ಲಿ ಕೊಂಡುಕೊಂಡ ಮೈಕ್ರೋಸಾಫ್ಟ್ ಅದನ್ನು ಶಿಕ್ಷಕರಿಗೆಲ್ಲ ಉಚಿತವಾಗಿಸಿತು. ಮುಂದೆ ಅದರ ಹೆಸರು ಫ್ಲಿಪ್ ಎಂದು ಚಿಕ್ಕದಾಯಿತು. 2024ರ ಜುಲೈನಲ್ಲಿ ಅದರ ಸ್ವತಂತ್ರ ಅಸ್ತಿತ್ವವೂ ಮುಗಿದು, ಉಳಿದದ್ದು ಅದೇ ಕಂಪನಿಯ ಆನ್‌ಲೈನ್ ಸಭೆಗಳ ತಂತ್ರಾಂಶವಾದ ಟೀಮ್ಸ್‌ನೊಳಗೆ ಸೇರಿಹೋಯಿತು. ಗೂಗಲ್‌ನ ಡಿಜಿಟಲ್ ಬಿಳಿಹಲಗೆ ಜಾಮ್‌ಬೋರ್ಡ್ ಅದೇ ವರ್ಷದ ಡಿಸೆಂಬರ್ 31ರಂದು ಕಣ್ಮುಚ್ಚಿತು. ಅದರ ಮೇಲೆ ಪಾಠಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ ಶಿಕ್ಷಕರಿಗೆ, ಗಡುವಿನೊಳಗೆ ಅವನ್ನೆಲ್ಲ ಬೇರೆಡೆಗೆ ಸಾಗಿಸಿಕೊಳ್ಳುವ ಕೆಲಸವೂ ಉಚಿತವಾಗಿಯೇ ದೊರೆಯಿತು.

ಬದುಕಿರುವವುಗಳ ಔದಾರ್ಯಕ್ಕೂ ಅಳತೆಯಿದೆ. ಜೂಮ್‌ನ ಉಚಿತ ಸಭೆಗೆ 40 ನಿಮಿಷಗಳ ಮಿತಿ. ಕೋವಿಡ್ ದಿನಗಳಲ್ಲಿ ಶಾಲೆಗಳಿಗೆಂದು ಅದನ್ನು ತಾತ್ಕಾಲಿಕವಾಗಿ ಸಡಿಲಿಸಿದ್ದು ನಿಜ; ಆದರೆ ಆ ಅವಕಾಶ ಸಿಗದವರಿಗೆ ಮೂವತ್ತೊಂಬತ್ತನೆಯ ನಿಮಿಷದ ಮಹಿಮೆ ಚೆನ್ನಾಗಿ ಗೊತ್ತು. ಅಷ್ಟು ಹೊತ್ತೂ ಬಾಯಿ ಬಿಡದ ಮಗುವೊಂದು ಆ ಗಳಿಗೆಯಲ್ಲೇ ಮೈಕ್ ಆನ್ ಮಾಡಿ, ಆರನ್ನು ಅರ್ಧದಿಂದ ಭಾಗಿಸಿದರೆ ಮೂರು ಬರುವ ಬದಲು ಹನ್ನೆರಡು ಏಕೆ ಬರುತ್ತದೆ ಎಂದು ಕೇಳುತ್ತದೆ. ಶಿಕ್ಷಕರು ಒಂದು ರೊಟ್ಟಿಯಲ್ಲಿ ಎಷ್ಟು ಅರ್ಧಗಳಿವೆ ಎಂದು ಆರಂಭಿಸುವಷ್ಟರಲ್ಲಿ ಪರದೆ ಖಾಲಿಯಾಗುತ್ತದೆ. ಹಣ ಕಟ್ಟಿದರೆ ರೊಟ್ಟಿಯನ್ನು ಪೂರ್ತಿ ಹಂಚಬಹುದು.

ಹಣ ಕಟ್ಟದವರಿಂದ ಏನನ್ನೂ ಪಡೆಯುವುದಿಲ್ಲ ಎಂದೇನೂ ಅಲ್ಲ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ ಆನ್‌ಲೈನ್ ಕಲಿಕಾ ಸಾಧನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಶೇಕಡಾ 89ರಷ್ಟು ಸಾಧನಗಳು ಮಕ್ಕಳ ಮಾಹಿತಿಯನ್ನು ನಿರ್ವಹಿಸುತ್ತಿದ್ದ ರೀತಿ ಮಕ್ಕಳ ಹಕ್ಕುಗಳಿಗೇ ಅಪಾಯ ತರುವಂತಿತ್ತು. ಹಲವು ಸಾಧನಗಳು ಆ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೂ ತಲುಪಿಸುತ್ತಿದ್ದವು. ಮಕ್ಕಳು ಮಗ್ಗಿ ಕಲಿತರೋ ಇಲ್ಲವೋ, ಜಾಹೀರಾತಿನವರು ಮಕ್ಕಳನ್ನು ಚೆನ್ನಾಗಿ ಕಲಿತರು.

ಇಷ್ಟರ ನಡುವೆ, ನಿಜಕ್ಕೂ ಉಚಿತವಾದ ಮತ್ತು ನಿಜಕ್ಕೂ ಉಪಯುಕ್ತವಾದ ಕೆಲವು ಸಾಧನಗಳು ಯಾರಿಗೂ ತೊಂದರೆ ಕೊಡದೆ ತಮ್ಮ ಪಾಡಿಗೆ ತಾವಿವೆ. ಅವುಗಳ ದೋಷಗಳನ್ನು ಇಲ್ಲಿ ದಾಖಲಿಸುವುದು ಅಗತ್ಯ. ಭೌತವಿಜ್ಞಾನದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯನ್ನೇ ತೆಗೆದುಕೊಳ್ಳಿ. ಅದರ ವಿದ್ಯುನ್ಮಂಡಲ ಪ್ರಯೋಗದಲ್ಲಿ ಮಕ್ಕಳು ಪರದೆಯ ಮೇಲೆ ತಂತಿ, ಬಲ್ಬು, ಬ್ಯಾಟರಿಗಳನ್ನು ಎಳೆದು ಜೋಡಿಸುತ್ತಾರೆ. ನಡುವೆ ಬಲ್ಬನ್ನು ಇಡದೆ ಬ್ಯಾಟರಿಯ ಎರಡು ತುದಿಗಳಿಗೂ ಬರೀ ತಂತಿ ಸೇರಿಸಿದರೆ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಒಮ್ಮೆ ಆ ಬೆಂಕಿ ಕಂಡ ತರಗತಿ ಅದನ್ನು ಮತ್ತೆ ಮತ್ತೆ ಹೊತ್ತಿಸಿ, ಶಾರ್ಟ್ ಸರ್ಕ್ಯೂಟ್ ಎಂದರೇನೆಂದು ಯಾರೂ ಹೇಳಿಕೊಡದೆಯೇ ತಿಳಿದುಕೊಳ್ಳುತ್ತದೆ. ಆದರೆ ಈ ಪ್ರಯೋಗವನ್ನು ತೆರೆಯಲು ಲಾಗಿನ್ ಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಕೂಡ ಬೇಕಿಲ್ಲ. ಲಾಗಿನ್ ಇಲ್ಲದ ಮೇಲೆ ಎಷ್ಟು ಮಕ್ಕಳು ಎಷ್ಟು ನಿಮಿಷ ಬಳಸಿದರು ಎಂಬ ಲೆಕ್ಕವಿಲ್ಲ. ಲೆಕ್ಕವಿಲ್ಲದ ಮೇಲೆ ವರದಿಯ ನಮೂನೆಯ ಆರನೆಯ ಕಾಲಂ ತುಂಬುವುದಿಲ್ಲ. ಕಾಲಂ ತುಂಬದ ಮೇಲೆ ಅಂತಹ ಕಲಿಕೆ ನಡೆದೇ ಇಲ್ಲ ಎಂಬ ತೀರ್ಮಾನಕ್ಕೆ ಮೇಲಿನವರು ಬಂದರೆ ಅದು ಅವರ ತಪ್ಪಲ್ಲ.

ಜಿಯೋಜಿಬ್ರಾದ್ದೂ ಅದೇ ಹಣೆಬರಹ. ಮಾರ್ಕುಸ್ ಹೋಹೆನ್‌ವಾರ್ಟರ್ ಸಾಲ್ಜ್‌ಬರ್ಗ್‌ನಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದ ಭಾಗವಾಗಿ ಆರಂಭಿಸಿದ ಈ ತಂತ್ರಾಂಶದಲ್ಲಿ ತ್ರಿಕೋನದ ಒಂದು ಶೃಂಗವನ್ನು ಹಿಡಿದು ಎಷ್ಟು ಎಳೆದಾಡಿದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಇದನ್ನು ಕಂಡ ಮಗುವಿಗೆ ಆಶ್ಚರ್ಯವಾಗುತ್ತದೆ. ಆಶ್ಚರ್ಯಕ್ಕೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಪ್ರಮಾಣಪತ್ರವೆಂದಾಗ ಕಾರ್ಯಾಗಾರಗಳ ವಿಷಯ ಬಿಡುವಂತಿಲ್ಲ. ಅಲ್ಲಿ ಒಂದು ದಿನದಲ್ಲಿ ಹದಿನೈದು ಆ್ಯಪ್‌ಗಳನ್ನು ಪರಿಚಯಿಸಲಾಗುತ್ತದೆ. ಪರಿಚಯವೆಂದರೆ ಹೆಸರು, ಬಣ್ಣದ ಚಿಹ್ನೆ ಮತ್ತು ಇದು ತುಂಬಾ ಸುಲಭ ಎಂಬ ಒಂದು ವಾಕ್ಯ. ಸಂಪನ್ಮೂಲ ವ್ಯಕ್ತಿ ಒಂದರಿಂದ ಇನ್ನೊಂದಕ್ಕೆ ಜಿಗಿಯುವ ವೇಗದಲ್ಲಿ, ಹಿಂದಿನ ಸಾಲಿನವರು ಇನ್ನೂ ಮೂರನೆಯದರ ಒಟಿಪಿಗಾಗಿ ಕಾಯುತ್ತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಕೊಲಿಬ್ರಿ ಎಂಬ ಉಚಿತ ತಂತ್ರಾಂಶವಿದೆ. ಒಂದೇ ಕಂಪ್ಯೂಟರಿನಲ್ಲಿ ಪಾಠ, ವಿಡಿಯೊ, ಅಭ್ಯಾಸಗಳನ್ನು ತುಂಬಿಟ್ಟರೆ ಹೊರಗಿನ ಇಂಟರ್ನೆಟ್ ಇಲ್ಲದೆಯೇ ಕೋಣೆಯೊಳಗಿನ ವೈಫೈ ಮೂಲಕ ಉಳಿದ ಸಾಧನಗಳಿಗೆಲ್ಲ ಅದು ಹಂಚುತ್ತದೆ. ವಿಕಿಪೀಡಿಯವನ್ನೇ ಇಳಿಸಿಟ್ಟುಕೊಂಡು ಓದಲು ಕಿವಿಕ್ಸ್ ಇದೆ. ಇವೆರಡೂ ಆ ಹದಿನೈದರಲ್ಲಿ ಇರುವುದಿಲ್ಲ. ಕೊನೆಗೆ ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ ಹಿಂದಿನ ಸಾಲಿನ ಶಿಕ್ಷಕಿಯೊಬ್ಬರು ಎದ್ದು ನಿಂತು, ಸರ್, ನಮ್ಮ ಶಾಲೆಯಲ್ಲಿ ನೆಟ್ ಬರುವುದೇ ಇಲ್ಲ, ನಾವು ಏನು ಬಳಸಬೇಕು ಎಂದು ಕೇಳುತ್ತಾರೆ. ಸಂಪನ್ಮೂಲ ವ್ಯಕ್ತಿ ಬಹಳ ಒಳ್ಳೆಯ ಪ್ರಶ್ನೆ ಮೇಡಂ ಎಂದು ಮೆಚ್ಚಿ, ಆ ಬಗ್ಗೆ ಒಂದು ಸೊಗಸಾದ ವಿಡಿಯೊ ಇರುವುದಾಗಿಯೂ, ಅದರ ಲಿಂಕನ್ನು ಸಂಜೆಯೇ ಗುಂಪಿಗೆ ಕಳುಹಿಸುವುದಾಗಿಯೂ ಭರವಸೆ ನೀಡುತ್ತಾರೆ.