ಸತ್ಯಾಂಶ: ಎರಡು ಡಿಸ್ಕ್ ಇದ್ದರೆ ಬ್ಯಾಕಪ್ ಬೇಡವೇ?

ಮನೆಯ ಫೋಟೊ, ವಿಡಿಯೊ ಇಡಲು ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಸಂಗ್ರಹ ಡಬ್ಬ) ಕೊಂಡರೆ ಸಾಕು, ಬೇರೆ ಬ್ಯಾಕಪ್ ಬೇಡ ಎಂಬ ಸಂದೇಶ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತದೆ. ಕಳಿಸುವವರ ಕಾಳಜಿ ನಿಜ. ಮಾತು ಮಾತ್ರ ತಪ್ಪು.

ಎರಡೂ ಡಿಸ್ಕಿನಲ್ಲಿ ಒಂದೇ ಮಾಹಿತಿ ಬರೆಯುವ ರೇಡ್ 1 ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಅಷ್ಟೇ. ಮಗು ತಿಳಿಯದೆ ಮದುವೆ ಆಲ್ಬಮ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹೊಕ್ಕರೂ ಹಾಗೇ. ಸಿಡಿಲು, ಕಳ್ಳತನ ಆದರಂತೂ ಎರಡೂ ಹೋಗಬಹುದು, ಇರುವುದು ಒಂದೇ ಡಬ್ಬದಲ್ಲಿ ಅಲ್ವಾ?

ನೀವೇ ಪರೀಕ್ಷಿಸಿ. ಬೇಡದ ಫೋಟೊ ಒಂದನ್ನು ಹಾಕಿ, ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಎರಡನೇ ಡಿಸ್ಕ್ ಅದನ್ನು ವಾಪಸ್ ಕೊಡುವುದಿಲ್ಲ. ತಯಾರಕರ ಕೈಪಿಡಿಯಲ್ಲಿ ರೇಡ್ ಬಗ್ಗೆ ಬರೆದದ್ದನ್ನೂ ಓದಿ.

ಕೊಳ್ಳುವಾಗಲೇ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕಿಗೂ ಹಣ ಎತ್ತಿಡಿ. ಪ್ರತಿ ಮಾಡಿ, ಸಿರುಗುಪ್ಪದಲ್ಲಿ ನೆಂಟರಿದ್ದರೆ ಅವರ ಮನೆಯಲ್ಲಿಡಿ.